ನೆಂಟರಿಲ್ಲದವರಿಗೆ ಮಾತ್ರ ಖೋಲಿ

"ಸರ್, ಒಂದು ಖುಷಿ ಸುದ್ದಿ ಅದ. ಮುದಕಿ ಹೋದ್ಲಂತ."

ಫೋನು ಮಾಡಿದವನು ಬಸವರಾಜ. ಬಾಲಮಂದಿರದಲ್ಲಿ ಬೆಳೆದ ಹುಡುಗ, ಈಗ ಶಹಾಪುರದ ಟ್ರ್ಯಾಕ್ಟರ್ ಶೋರೂಮಿನಲ್ಲಿ ಮೆಕ್ಯಾನಿಕ್, ಎರಡು ಮಕ್ಕಳ ತಂದೆ. ಐವತ್ತರ ಹತ್ತಿರ ಬಂದ ನಾನು "ಹಂಗೆಲ್ಲ ಅನಬಾರದಪಾ" ಎಂದು ಹೇಳಬೇಕಿತ್ತು. ಬಾಯಿಗೆ ಬಂದದ್ದು "ಖರೇನ?" ಎಂಬ ಒಂದೇ ಮಾತು. ಅದರಲ್ಲಿ ಸ್ವಲ್ಪ ಆಸೆಯೂ ಇತ್ತು. ಫೋನು ಇಟ್ಟ ಮೇಲೆ ನನಗೆ ನನ್ನ ಬಗ್ಗೆಯೇ ಚಿಂತೆ ಹತ್ತಿತು. ಚಿಂತೆ ನನಗೆ ಹೊಸದಲ್ಲ. ಸ್ಕೂಟರಿಗೆ ಕೀಲಿ ಹಾಕಿ, ಎಳೆದು ನೋಡಿ, ಮೆಟ್ಟಿಲು ಹತ್ತಿ, ಮತ್ತೆ ಇಳಿದು ಬಂದು ಎಳೆದು ನೋಡುವ ಮನುಷ್ಯ ನಾನು. ಆದರೆ ಒಬ್ಬರು ಸತ್ತದ್ದಕ್ಕೆ ಹಗುರಾದೆನಲ್ಲ ಎಂಬ ಚಿಂತೆ ಮಾತ್ರ ಮೊದಲ ಸಲ.

ಹೆಂಡತಿಗೆ ಹೇಳಿದೆ. "ಅಂದ್ರ ನಿಮ್ಮನ್ನ ಬಯ್ಯೋರು ಇನ್ನ ನಾ ಒಬ್ಬಾಕಿನ ಉಳಿದ್ನೇನು?" ಎಂದು ಅವಳು ರೊಟ್ಟಿ ತಿರುವಿ ಹಾಕಿದಳು.

ಆ ಮುದುಕಿಯ ಬಗ್ಗೆ ಬರೆಯುತ್ತೇನೆ. ಹೊಗಳುವ ಉದ್ದೇಶ ಇಲ್ಲ ಎಂದು ಮೊದಲೇ ಹೇಳಿಬಿಡುವುದು ಒಳ್ಳೆಯದು.

ಯಾದಗಿರಿಯಲ್ಲಿ ನಮ್ಮದೊಂದು ಸಣ್ಣ ಸಂಸ್ಥೆ. ಹದಿನೆಂಟು ತುಂಬಿ ಬಾಲಮಂದಿರದಿಂದ ಹೊರಬೀಳುವ ಮಕ್ಕಳಿಗೆ ಒಂದು ಸೂರು ಹುಡುಕಿಕೊಡುವುದು ನನ್ನ ಕೆಲಸ. ಕಾಗದದ ಮೇಲೆ ಇದಕ್ಕೆ ಅನುಪಾಲನೆ ಎಂಬ ತೂಕದ ಹೆಸರಿದೆ. ರಸ್ತೆಯ ಮೇಲೆ ಇದರ ಅರ್ಥ ಬೇರೆ: ಒಂದು ಟ್ರಂಕು, ಒಂದು ಹಾಸಿಗೆ ಸುರುಳಿ, ಸ್ಕೂಟರಿನ ಹಿಂದೆ ಮಾತಾಡದೆ ಕೂತ ಹುಡುಗನೋ ಹುಡುಗಿಯೋ, ಮತ್ತು ಕಂಡವರ ಬಾಗಿಲ ಮುಂದೆ ಹಲ್ಲು ಕಿರಿದು ನಿಂತ ನಾನು.

ಯಾದಗಿರಿ ಬಗಲಿನ ನಮ್ಮೂರು ಬಳಿಚಕ್ರದ ಕಡೆ ಇನ್ನೂ ಮೋಡ ನೋಡಿ ಬಿತ್ತುತ್ತಾರೆ. ಶಹಾಪುರ, ಸುರಪುರದ ಕಡೆ ಹಾಗಲ್ಲ. ಕಾಲುವೆಯಲ್ಲಿ ಕೃಷ್ಣೆಯ ನೀರು ಬಂದದ್ದೇ ತಡ, ಭತ್ತ ಬಂತು, ಅಕ್ಕಿ ಗಿರಣಿ ಬಂತು, ಗೊಬ್ಬರದವರು, ಟ್ರ್ಯಾಕ್ಟರಿನವರು, ಅವರ ಗುಮಾಸ್ತರು ಎಲ್ಲ ಬಂದರು. ಒಂದು ಖೋಲಿ ಖಾಲಿಯಾದರೆ ಬಾಗಿಲಲ್ಲಿ ಸಾಲು. ಮಾಲಕರಿಗೆ ಆರಿಸುವ ಠೀವಿ ಬಂತು. ಅವರ ಮೊದಲ ಪ್ರಶ್ನೆ, "ಯಾರ ಪೈಕಿ?" ಎರಡನೆಯದು, "ಮಾತಾಡಾಕ ಹಿರಿಯರು ಯಾರು ಬರ್ತಾರ?" ನಮ್ಮ ಕಡೆ ಕಿರಾಯಿಗೆ ಮನೆ ಹಿಡಿಯುವುದೂ ಅರ್ಧ ಲಗ್ನವಿದ್ದಂತೆ. ಹಿರಿಯರು ಬಂದು ಕಟ್ಟೆಯ ಮೇಲೆ ಕೂಡಬೇಕು, ಚಹಾ ಆಗಬೇಕು, ಇಬ್ಬರಿಗೂ ಗೊತ್ತಿರುವ ಒಬ್ಬ ಗೌಡನೋ ಮಾಸ್ತರನೋ ಸಿಗುವ ತನಕ ಊರೂರು ತಿರುಗಿ ಮಾತಾಡಬೇಕು. ಆಮೇಲೆ ಕೀಲಿಕೈ.

ಹಿರಿಯರೇ ಇಲ್ಲದ ಮಕ್ಕಳಿಗೆ ಹಿರಿಯರನ್ನು ಎಲ್ಲಿಂದ ತರುವುದು? ಹೀಗಾಗಿ ನಾನೇ ಸೋದರಮಾವನಾದೆ. ಇದು ಸಂಸ್ಥೆ ಹೇಳಿಕೊಟ್ಟದ್ದಲ್ಲ, ನನ್ನ ಸ್ವಂತ ಶೋಧ. ಕಾಕಾ ಎಂದರೆ ಮನೆತನದ ಹೆಸರು ಕೂಡಿ ಬರಬೇಕು. ತಾಯಿಯ ತಮ್ಮನಿಗೆ ಯಾವ ಹೆಸರಾದರೂ ನಡೆಯುತ್ತದೆ. ಈ ಧೈರ್ಯದ ಮೇಲೆ ಸುರಪುರದ ಒಂದೇ ಓಣಿಯಲ್ಲಿ ನನಗೆ ಮೂರು ಜಾತಿಯ ಅಕ್ಕಂದಿರಾಗಿದ್ದರು. ಇಬ್ಬರು ಮಾಲಕರು ಒಂದು ಬೆಳಿಗ್ಗೆ ಹೋಟೆಲಿನಲ್ಲಿ ಎದುರು ಬದುರು ಕೂತು ನನ್ನ ವಂಶಾವಳಿ ಹೋಲಿಸಿ ನೋಡುವ ತನಕ ಎಲ್ಲ ಚಂದವೇ ನಡೆದಿತ್ತು. ಆಮೇಲೆ ಆ ಓಣಿಗೆ ನಾನು ಹೋಗಿಲ್ಲ.

ಶಹಾಪುರದಲ್ಲಿ ಕಾಲುವೆ ದಾಟಿ ಎಡಕ್ಕೆ ತಿರುಗಿದರೆ ಈ ಮುದುಕಿಯ ಸಾಲು ಖೋಲಿಗಳು. ಮೇಲೆ ತಗಡು, ಮುಂದೆ ಒಂದು ನಳ, ದಪ್ಪ ಕಬ್ಬಿಣದ ಗೇಟು, ಗೇಟಿಗೆ ಹತ್ತಿಸಿ ಹಾಕಿದ ಹಗ್ಗದ ಹೊರಸಿನ ಮೇಲೆ ಆಕೆ. ಉದ್ದನೆಯ ಒಣ ಮೈ, ಹಣೆ ತುಂಬ ವಿಭೂತಿ, ದವಡೆಯಲ್ಲಿ ತಂಬಾಕು. ಇಲ್ಲ ಎನ್ನುವ ಮೊದಲು ಪಿಚಕ್ಕನೆ ಉಗುಳುತ್ತಿದ್ದಳು. ಹೌದು ಎನ್ನುವ ಮೊದಲು ಏನು ಮಾಡುತ್ತಿದ್ದಳೋ ಬಹಳ ದಿನ ನನಗೆ ಗೊತ್ತಾಗಲಿಲ್ಲ, ಆ ಪ್ರಸಂಗ ಬಂದಿರಲಿಲ್ಲ. ಗೇಟಿನಿಂದ ನೋಡಿದರೆ ಬುದ್ಧ ಮಲಗಿದಂಥ ಗುಡ್ಡ ಕಾಣುತ್ತದೆ. ಇಷ್ಟು ಶಾಂತವಾದ ಗುಡ್ಡವನ್ನು ದಿನಾ ನೋಡುತ್ತ ಒಬ್ಬ ಹೆಂಗಸು ಇಷ್ಟು ಕೆಟ್ಟ ಬಾಯಿ ಹೇಗೆ ಉಳಿಸಿಕೊಂಡಳೋ.

ಮಹಾದೇವಿಯನ್ನು ಕರೆದುಕೊಂಡು ಮೊದಲ ಸಲ ಅಲ್ಲಿಗೆ ಹೋದೆ. ಹುಡುಗಿ ಗಿಡ್ಡ, ಮುಂದಿನ ಹಲ್ಲುಗಳ ನಡುವೆ ಸಂದು, ದನಿ ಮಾತ್ರ ದೊಡ್ಡದು. ಶಹಾಪುರದಲ್ಲಿ ನರ್ಸಿಂಗ್ ಸೀಟು ಸಿಕ್ಕಿತ್ತು, ಹಾಸ್ಟೆಲಿನಲ್ಲಿ ಜಾಗ ಸಿಕ್ಕಿರಲಿಲ್ಲ. ಊರಲ್ಲಿ ಖೋಲಿ ಸಿಗದಿದ್ದರೆ ದೂರದ ಸರ್ಕಾರಿ ನಿಲಯಕ್ಕೆ ಕಳಿಸುವುದು, ಸೀಟು ಬಿಡುವುದು. ಬೇರೆ ದಾರಿ ಇರಲಿಲ್ಲ. ಕಾಲೇಜು ಶುರುವಾಗುವ ಮುನ್ನಾದಿನದ ತನಕ ಊರೆಲ್ಲ ಸುತ್ತಿ ಆಗಿತ್ತು.

"ಯಾರು?" ಎಂದಳು ಹೊರಸಿನ ಮೇಲಿಂದ.

"ನಾ ಈ ಹುಡುಗಿ ಸೋದರಮಾವ್ರಿ, ಅಮ್ಮಾರ."

ಉಗುಳಿದಳು. "ಅಮ್ಮಾರ ಅನಬ್ಯಾಡ. ನಾ ನಿನ್ನ ಹಡದಿಲ್ಲ. ಅವ್ವ ಇಲ್ಲ, ಅಕ್ಕ ಇಲ್ಲ, ಆಯಿ ಇಲ್ಲ. ಮಾಲಕರ ಅನ್ನು."

ಕಂಡವರನ್ನೆಲ್ಲ ಅಣ್ಣ, ಕಾಕಾ, ಯಕ್ಕಾ ಎನ್ನದೆ ಬಸ್ಸಿನಲ್ಲಿ ಸೀಟು ಸಹ ಕೇಳದ ಊರು ನಮ್ಮದು. ಅಂಥಲ್ಲಿ ಆಕೆಯನ್ನು ಎಲ್ಲರೂ ಕೊನೆಯ ತನಕ ಮಾಲಕರ ಎಂದೇ ಕರೆದರು.

"ಆತ್ರಿ ಮಾಲಕರ. ನಾ ಈಕಿ ಸೋದರಮಾವ."

"ಲಗ್ನಾ ಆಗೋ ಮಾವನೋ, ಸುಮ್ನಿರೋ ಮಾವನೋ?"

ನನ್ನ ಕಿವಿ ಬಿಸಿಯಾದವು. ಅಕ್ಕನ ಮಗಳ ಮೇಲೆ ಸೋದರಮಾವನಿಗೆ ಇರುವ ಹಕ್ಕು ನಮ್ಮ ಸೀಮೆಯಲ್ಲಿ ಗೊತ್ತಿಲ್ಲದವರಿಲ್ಲ. ಕೀಲಿಕೈ ಹುಡುಕುವ ಗಡಿಬಿಡಿಯಲ್ಲಿ ನನ್ನ ಲಕ್ಷ್ಯ ಆ ಕಡೆ ಹೋಗಿರಲಿಲ್ಲ.

"ಛೇ ಛೇ, ನನಗ ಹೆಂಡ್ತಿ ಅದಾಳ್ರಿ."

"ಅದಾಳ? ಹಂಗಾದ್ರ ಖೋಲಿ ಇಲ್ಲ."

"ಯಾಕ್ರಿ?"

"ಮಾಮಾ ಬಂದ್ರ ಮಾಮಿ ಬರ್ತಾಳ. ಮಾಮಿ ಹಿಂದ ಮಾಮಿ ತಮ್ಮ ಬರ್ತಾನ. ಅವಗ ಇಲ್ಲಿ ದವಾಖಾನಿ ಕೆಲಸ ಇರ್ತದ, ವಾರಗಟ್ಟಲೆ ಮಲಗ್ತಾನ. ಅವನ್ನ ನೋಡಾಕ ಇನ್ನೂ ನಾಕು ಮಂದಿ. ನಂದೇನು ಧರ್ಮಶಾಲಿ ಏನು? ನಡಿ, ನಡಿ."

ಬೇರೆ ಕಡೆ ಮಾವ ಇಲ್ಲದಿದ್ದರೆ ಖೋಲಿ ಇಲ್ಲ. ಇಲ್ಲಿ ಮಾವ ಇದ್ದರೆ ಇಲ್ಲ. ನಾನು ಬಾಯಿ ತೆರೆದು ನಿಂತಾಗ, ಟ್ರಂಕಿನ ಮೇಲೆ ಕೂತಿದ್ದ ಮಹಾದೇವಿ ಎದ್ದಳು.

"ಮಾಲಕರ, ಇವರು ಸುಳ್ಳು ಹೇಳಾಕತ್ತಾರ್ರಿ. ನನಗ ಏನೂ ಆಗಬೇಕಿಲ್ಲ ಇವರು. ಆಫೀಸಿನವರು. ನಾ ಬಾಲಮಂದಿರದಾಕಿ. ನನಗ ಯಾರೂ ಇಲ್ಲ."

"ಯಾರೂ ಇಲ್ಲ ಅಂದ್ರ? ಅಪ್ಪ?"

"ಇಲ್ರಿ."

"ಅವ್ವ?"

"ತೀರಿಕೊಂಡಾಳ್ರಿ."

"ಕಾಕಾ, ದೊಡ್ಡಪ್ಪ?"

"ಇಲ್ರಿ."

"ಅಕ್ಕನ ಗಂಡ?"

"ಅಕ್ಕನ ಇಲ್ರಿ, ಗಂಡ ಎಲ್ಲಿಂದ ಬರ್ತಾನ?"

ಈ ಉತ್ತರಗಳನ್ನು ನಾನು ಎಷ್ಟೋ ಬಾಗಿಲಲ್ಲಿ ಕೇಳಿದ್ದೆ. ಒಂದೊಂದು ಇಲ್ಲಕ್ಕೂ ಮಾಲಕರ ಮುಖ ಒಂದೊಂದು ಕಿಟಕಿ ಮುಚ್ಚಿದಂತೆ ಕತ್ತಲಾಗುತ್ತಿತ್ತು. ಈ ಮುದುಕಿಯ ಮುಖ ಅರಳುತ್ತ ಹೋಯಿತು. ಒಳ್ಳೆ ಮನೆತನ ಸಿಕ್ಕಿತು ಎಂದು ಬೀಗರು ಅರಳುತ್ತಾರಲ್ಲ, ಹಾಗೆ.

"ಸೋದರಮಾವ? ಖರೇ ಸೋದರಮಾವ?"

ಮಹಾದೇವಿ ಕಣ್ಣು ಮಿಟುಕಿಸಲಿಲ್ಲ. "ಇಲ್ರಿ."

ಇದ್ದ. ಸೈದಾಪುರದ ಕಡೆಯವನು. ತಾಯಿ ಸತ್ತ ಮೇಲೆ ಐದು ವರ್ಷದ ಕೂಸನ್ನು ಬಾಲಮಂದಿರಕ್ಕೆ ಬಿಟ್ಟು ಹೋದವನು ಮತ್ತೆ ಮುಖ ತೋರಿಸಿರಲಿಲ್ಲ. ನನಗೆ ಗೊತ್ತಿತ್ತು. ಟ್ರಂಕು ಎತ್ತಿಕೊಂಡೆ.

"ಒಳಗ ಬಾ," ಎಂದಳು. ನಾನೂ ಕಾಲಿಟ್ಟೆ. "ನೀ ಅಲ್ಲೇ ನಿಂದ್ರು, ಮಾಮಾ."

ಅವತ್ತಿನಿಂದ ನನ್ನ ಹೆಸರು ಅದೇ ಆಯಿತು. ರಸ್ತೆಯ ಆ ತುದಿಯಲ್ಲಿ ಸ್ಕೂಟರು ಕಂಡರೆ ಸಾಕು, "ಏ ಮಾಮಾ, ಇವತ್ತು ಯಾರಿಗೆ ಮಾವ?" ಎಂದು ಕೂಗುತ್ತಿದ್ದಳು. ಬಸ್‌ಸ್ಟ್ಯಾಂಡಿನ ಕಡೆಯಿಂದ ಬರುವವರು ಆ ಶಬ್ದಕ್ಕೆ ಬೇರೇನೋ ಅರ್ಥ ಹಚ್ಚಿ ನನ್ನನ್ನು ಮೇಲಿಂದ ಕೆಳಗೆ ನೋಡುತ್ತಿದ್ದರು. ನಾನು ಹೆಲ್ಮೆಟ್ ತೆಗೆಯುವುದನ್ನೇ ಬಿಟ್ಟೆ.

ಜಾತಿ ಕೇಳುತ್ತಿರಲಿಲ್ಲ ಎಂಬುದು ಆಕೆಯ ದೊಡ್ಡ ಗುಣ ಎಂದು ನಮ್ಮ ಸಂಸ್ಥೆಯ ಒಬ್ಬರು ಭಾಷಣದಲ್ಲಿ ಹೇಳಿದ್ದರು. ಆಕೆಗೇ ಅದನ್ನು ಹೇಳಿ ಖುಷಿಪಡಿಸಲು ಹೋದೆ. "ಜಾತಿ ಯಾಕ ಕೇಳ್ಲಿ? ಕೇಳಿದ್ರ ಜಾತಿ ಮಂದಿ ಬರ್ತಾರ," ಎಂದು ಉಗುಳಿದಳು. ಅಲ್ಲಿಗೆ ಆ ಗುಣ ಮುಗಿಯಿತು.

ಸಿಟ್ಟಿನ ಮೂಲ ಏನೆಂದು ಆಕೆಯೇ ಒಮ್ಮೆ ಹೇಳಿದ್ದುಂಟು, ಅದೂ ಅನ್ನದ ಮಾತು ಬಂದಾಗ. ಸುತ್ತ ಭತ್ತದ ಗದ್ದೆ, ಆಕೆ ಮಾತ್ರ ಅಕ್ಕಿ ಮುಟ್ಟುತ್ತಿರಲಿಲ್ಲ. "ಅನ್ನ ಉಂಡ್ರ ನನಗ ಮೈದುನರು ನೆನಪಾಗ್ತಾರ. ನಮ್ಮದು ಎರಿಹೊಲ. ಮಳಿ ಬಂದ್ರ ಜೋಳ, ಇಲ್ಲಂದ್ರ ಇಲ್ಲ. ಗಂಡ ಸತ್ತಾಗ ಒಬ್ಬ ಮೈದುನನೂ ಮಣ್ಣಿಗೆ ಬರಲಿಲ್ಲ. ಕಾಲುವಿ ಅಳತಿ ಮಾಡಾಕ ಮಂದಿ ಬಂದ್ರು ನೋಡು, ಅವರು ಗೂಟ ಹೊಡಿಯೋಕಿಂತ ಮೊದಲ ಇವರು ಬಂದ್ರು. ವೈನಿ ವೈನಿ ಅಂತ ಕಾಲಿಗೆ ಬಿದ್ದು ಹೆಬ್ಬಟ್ಟು ಒತ್ತಿಸ್ಕೊಂಡ್ರು. ನೀರು ಬರೋದ್ರಾಗ ಹೊಲ ಹೋಗಿತ್ತು." ಉಳಿದದ್ದು ರಸ್ತೆ ಬದಿಯ ಕಲ್ಲು ನೆಲದ ಒಂದು ಪಟ್ಟಿ. ಕಾಲುವೆ ಕೆಲಸದ ಮೇಸ್ತ್ರಿಗಳು ಇರಲೆಂದು ಅದರ ಮೇಲೆ ಈ ಖೋಲಿಗಳು ಎದ್ದವು.

ಕೇಳಿ ನನಗೆ ಕನಿಕರ ಬಂತು. ಬಂದದ್ದು ಮುಖದ ಮೇಲೆ ಕಂಡಿತೇನೋ. "ಅಳ್ತಿ ಏನು? ಅಳೋದಿದ್ರ ಗೇಟಿನ ಹೊರಗ ಹೋಗಿ ಅಳು," ಎಂದಳು.

ಮಹಾದೇವಿಯ ಹಿಂದೆ ನಮ್ಮ ಇನ್ನೂ ಕೆಲವು ಮಕ್ಕಳಿಗೆ ಅಲ್ಲಿ ನೆಲೆಯಾಯಿತು. ಊರೆಲ್ಲ ಬಾಗಿಲು ಹಾಕಿಕೊಂಡ ಕಾರಣಕ್ಕೇ ತೆರೆಯುವ ಬಾಗಿಲು ಅದೊಂದೇ. ಅದನ್ನು ನೆನೆದಾಗಲೆಲ್ಲ ನನಗೆ ಇನ್ನಷ್ಟು ಸಿಟ್ಟು ಬರುತ್ತಿತ್ತು, ಇಂಥ ಹೆಂಗಸಿನ ಋಣದಲ್ಲಿ ಬಿದ್ದೆನಲ್ಲ ಎಂದು. ನಳ ಬೆಳಿಗ್ಗೆ ಸ್ವಲ್ಪ ಹೊತ್ತು ಬಿಟ್ಟು ಮುಚ್ಚುತ್ತಿದ್ದಳು. ಎದುರಿಗೆ ಕಾಲುವೆ ತುಂಬಿ ಹರಿಯುತ್ತಿರುತ್ತಿತ್ತು. ಗೆಳೆಯರು ಬಂದರೆ ಗೇಟಿನ ಆಚೆ ನಿಂತು ಮಾತಾಡಬೇಕು. ಮಕ್ಕಳು ತಮ್ಮ ತಮ್ಮಲ್ಲಿ ಅಣ್ಣ, ತಂಗಿ ಎಂದರೂ ಗದರುತ್ತಿದ್ದಳು: "ಇಲ್ಲಿ ಸಂಬಂಧ ಬೆಳಸಬ್ಯಾಡ್ರಿ. ಹೆಸರಿಟ್ಟಾರಲ್ಲ, ಹೆಸರು ಹಿಡಿದು ಕರೀರಿ."

ಬಸವರಾಜನದಂತೂ ಹೇಳಲೇಬೇಕು. ಹುಡುಗ ಶೋರೂಮಿನಲ್ಲಿ ಒಳ್ಳೆ ಹೆಸರು ತೆಗೆದುಕೊಂಡಿದ್ದ. ಸಗರದ ಒಂದು ಮನೆಯವರು ಅವನಿಗೆ ಹೆಣ್ಣು ಕೊಡಲು ಮನಸ್ಸು ಮಾಡಿದರು. ತಂದೆ ತಾಯಿ ಯಾರೆಂದೇ ಗೊತ್ತಿಲ್ಲದ ಹುಡುಗನಿಗೆ! ನಾನು ಎರಡು ದಿನ ಸಂತೋಷದಿಂದಲೇ ಹೊಟ್ಟೆ ಕೆಡಿಸಿಕೊಂಡೆ. ಹೆಣ್ಣಿನ ಕಡೆಯವರು ಅವನಿರುವ ಜಾಗ ನೋಡಲು ಬಂದರು, ಮೂರು ಹೆಂಗಸರು, ಇಬ್ಬರು ಗಂಡಸರು, ಒಂದು ಪುಟ್ಟಿ ಬಾಳೆಹಣ್ಣು. ಮುದುಕಿ ಗೇಟಿನಲ್ಲೇ ಅವರನ್ನು ನಿಲ್ಲಿಸಿ ಒಂದೇ ಮಾತು ಕೇಳಿದಳು: "ನೀವು ಇವಗ ಬೀಗರಾಗವರಾ?" ಅವರು ನಗುತ್ತ ಹೌದೆಂದರು. ಅವರು ನೋಡನೋಡುತ್ತಿದ್ದಂತೆ ಬಸವರಾಜನ ಹಾಸಿಗೆ ಹೊರಗೆ ಬಂತು. "ನಿನಗ ಮಂದಿ ಆದ್ರು. ಮಂದಿ ಕಡಿ ಹೋಗು." ಹುಡುಗ ಅತ್ತ. ಜೀವಮಾನದಲ್ಲಿ ಮೊದಲ ಸಲ ನೆಂಟರು ಬಂದ ದಿನವೇ ಬೀದಿಗೆ ಬಿದ್ದ. ಲಗ್ನ ತಪ್ಪಲಿಲ್ಲ, ಹೆಣ್ಣಿನ ತಂದೆ ದೊಡ್ಡ ಮನುಷ್ಯ. ಆದರೆ ಆ ಹೊತ್ತಿನ ಅವನ ಮುಖ ನಾನು ಮರೆತಿಲ್ಲ, ಅವನು ಆ ಮುದುಕಿಯನ್ನು ಮರೆತಿಲ್ಲ. ಅವನ ಖುಷಿ ಸುದ್ದಿಗೆ ನಾನು ಬೈಯದಿದ್ದುದು ಇದಕ್ಕೇ.

ಅದಾದ ಮರುವರ್ಷ, ಮಹಾದೇವಿಯ ಕೊನೆಯ ಪರೀಕ್ಷೆ ಹತ್ತಿರ ಬಂದಾಗ, ಅವಳ ಖರೇ ಸೋದರಮಾವ ಬಂದ.

ಆ ಮಧ್ಯಾಹ್ನ ನಾನು ಶಹಾಪುರದಲ್ಲೇ ಇದ್ದೆ. ಮಹಾದೇವಿ ಫೋನು ಮಾಡಿ, "ಸರ್, ಜಲ್ದಿ ಬರ್ರಿ. ಅವ ಬಂದಾನ," ಎಂದಳು. ಹೋಗಿ ನೋಡಿದರೆ ಗೇಟಿನ ಮುಂದೆ ಜೀಪು, ಅದಕ್ಕೆ ಒರಗಿ ನಿಂತ ಇಬ್ಬರು ಗಂಡಸರು, ಗೇಟಿನ ಸರಳು ಹಿಡಿದ ಸೋದರಮಾವ. ಯಾರೋ ಅವಳನ್ನು ನರ್ಸಿನ ಬಟ್ಟೆಯಲ್ಲಿ ದವಾಖಾನೆಯಲ್ಲಿ ಕಂಡು ಹೇಳಿದ್ದರಂತೆ. ಅವನ ಹೆಂಡತಿ ತೀರಿಕೊಂಡಿದ್ದಳು, ಸಣ್ಣ ಮಕ್ಕಳಿದ್ದವು, ಮನೆಗೆ ಹೆಂಗಸು ಬೇಕಿತ್ತು. ಅಕ್ಕನ ಮಗಳು ಇದ್ದಾಳೆಂದು ನೆನಪಾಗಿತ್ತು.

"ಅಕ್ಕನ ಮಗಳು ನನ್ನ ಹಕ್ಕು. ಲಗ್ನಾ ಮಾಡ್ಕೊಂಡು ಕರ್ಕೊಂಡು ಹೋಗ್ತೀನಿ. ನೀವ್ಯಾರು ಅಡ್ಡ ಬರಾಕ?" ಎನ್ನುತ್ತಿದ್ದ.

"ಗೇಟು ಯಾರದು?" ಎಂದಳು ಮುದುಕಿ.

"ನಿಮ್ಮದ."

"ಹಂಗಾದ್ರ ಕೈ ತೆಗಿ."

ನಾನು ನಿಟ್ಟುಸಿರು ಬಿಟ್ಟೆ. ಬಿಡಬಾರದಿತ್ತು. ಆಕೆ ಹಿಂದೆ ತಿರುಗಿ, ಖೋಲಿಯ ಬಾಗಿಲಲ್ಲಿ ನಿಂತ ಮಹಾದೇವಿಗೆ, "ಯಾರೂ ಇಲ್ಲ ಅಂದಿದ್ದಿ. ಗಂಟು ಕಟ್ಟು," ಎಂದಳು.

"ಮಾಲಕರ, ಪರೀಕ್ಷಾ ಅದರಿ. ಮುಗಿಯೋತನ..." ಎಂದೆ ನಾನು.

"ಬಸವರಾಜಗ ಒಂದು ನ್ಯಾಯ, ಈಕಿಗೊಂದು ನ್ಯಾಯ ಏನು? ಮಾವಗ ಈ ಮನಿ ಗೊತ್ತಾತು. ಇವತ್ತು ಇವ, ನಾಳಿ ಇವನ ಅವ್ವ. ಹೊರಗ ನಡಿ."

ಸೋದರಮಾವನ ಮುಖದಲ್ಲಿ ನಗು ಕಂಡಿತು. ಗೇಟಿನಿಂದ ಹೊರಗೆ ಕಾಲಿಟ್ಟರೆ ಹುಡುಗಿ ನೇರ ಜೀಪಿಗೇ. ಪೊಲೀಸರಿಗೆ ಫೋನು ಮಾಡೋಣ ಎಂದು ಕಿಸೆಗೆ ಕೈ ಹಾಕಿದೆ, ಕೈಗೆ ಬಂದದ್ದು ಆ್ಯಸಿಡಿಟಿ ಗುಳಿಗೆ.

ಆಗ ಮಹಾದೇವಿ ನಕ್ಕಳು. ಜೋರಾಗಿ, ಓಣಿಗೆಲ್ಲ ಕೇಳುವಂತೆ.

"ಮಾಲಕರ, ನೀವೂ ಖರೇ ಅಂತ ನಂಬಿದ್ರೇನು? ಇವ ಎಲ್ಲಿ ಮಾವ್ರಿ? ಇವನೂ ಆಫೀಸಿನವರು ತಂದ ಮಾವ ಅದಾನ. ಓದು ಮುಗಿಯಾಕ ಬಂತಲ್ಲ, ನನ್ನ ಲಗ್ನಾ ಮಾಡಿ ಕೈ ತೊಳ್ಕೋಬೇಕಂತ ಇವರಿಗೆ. ಕೇಳ್ರಿ ಬೇಕಾದ್ರ." ನನ್ನ ಕಡೆ ಕೈ ತೋರಿಸಿದಳು.

ಎಲ್ಲರೂ ನನ್ನನ್ನು ನೋಡಿದರು. ಜೀಪಿನವರು, ಓಣಿಯವರು, ಮುದುಕಿ. "ಹೌದ್ರಿ," ಎಂದೆ. "ನಾನ ತಂದೀನ್ರಿ."

"ಏ, ಯಾರಿವ? ಇವನ ಮುಖಾ ನಾ ನೋಡಿಲ್ಲ!" ಎಂದು ಸೋದರಮಾವ ಕೂಗಿದ.

"ಹಂಗ ಅನ್ನು ಅಂತ ಕಲಿಸಿರ್ತಾನ. ಇವಂದು ಧಂದಾನ ಅದು," ಎಂದು ಮುದುಕಿ ಗೇಟಿನ ಹತ್ತಿರ ಬಂದು ಅವನ ಎದುರಿಗೇ ನಿಂತಳು. "ಮಾವ ಅಂತಿ. ಈಕಿ ಜವಳ ಯಾರ ತೊಡಿ ಮ್ಯಾಲ ತೆಗಿಸಿದ್ರು?"

ಮಗುವಿನ ಮೊದಲ ಕೂದಲು ತೆಗೆಸುವಾಗ ತೊಡೆ ಕೊಡುವವನು ಸೋದರಮಾವ. ಅವನು ಜೀಪಿನವರ ಕಡೆ ತಿರುಗಿ ನೋಡಿದ.

"ತೊಟ್ಟಿಲಿಗೆ ಹಾಕಿದಾಗ ಏನು ತಂದಿ? ಅಂಗಿಯೋ, ಬಳಿಯೋ?"

"ಅದು... ಭಾಳ ದಿನಾ ಆತು..."

"ಈಕಿ ಮೈನೆರೆದಾಗ ಸೀರಿ ಯಾರು ಉಡಿಸಿದ್ರು? ಯಾವ ಬಣ್ಣದ್ದು?"

ಜೀಪಿಗೆ ಒರಗಿದ್ದ ಇಬ್ಬರಲ್ಲಿ ಹಿರಿಯನು ನೆಟ್ಟಗೆ ನಿಂತ. "ಏನಲೇ, ಒಂದೂ ಗೊತ್ತಿಲ್ಲ ಏನು? ಎಂಥಾದ್ರಾಗ ತಂದು ನಿಂದ್ರಿಸಿದೆಪಾ ನಮ್ಮನ್ನ!" ಎಂದ. ಓಣಿಯಲ್ಲಿ ಯಾರೋ ಕಿಸಕ್ಕನೆ ನಕ್ಕರು.

"ಖರೇ ಮಾವ ಆಗಿದ್ರ ಇಷ್ಟರಾಗ ಒಂದಾದ್ರೂ ಮಾಡಿರ್ತಿದ್ದ," ಎಂದಳು ಮುದುಕಿ. "ಇವ ಸುಳ್ಳು ಮಾವ. ನಡೀರಿ."

ಅವನು ಇನ್ನೂ ಏನೋ ಹೇಳುತ್ತಿದ್ದ. ಜೊತೆಯವರೇ ಅವನ ರಟ್ಟೆ ಹಿಡಿದು ಜೀಪಿಗೆ ಹತ್ತಿಸಿದರು.

ಆಮೇಲೆ ನನ್ನ ಸರದಿ. ಅವತ್ತು ಆಕೆ ಬೈದದ್ದನ್ನು ಅಚ್ಚು ಮಾಡುವಂತಿಲ್ಲ. ನನ್ನ ಹುಟ್ಟು, ನನ್ನ ಸ್ಕೂಟರು, ನನ್ನ ಹೊಟ್ಟೆ ಯಾವುದೂ ಉಳಿಯಲಿಲ್ಲ. "ಹೆಣ್ಣುಮಕ್ಕಳಿಗೆ ಗಂಡ ಹುಡುಕಾಕ ಮಾವಂದಿರನ್ನ ಹುಟ್ಟಸ್ತಿ? ಈ ಗೇಟಿಗೆ ಇನ್ನ ನಿನ್ನ ನೆರಳು ಬಿದ್ರ ಕಾಲುವಿಗೆ ದಬ್ಬತೀನಿ. ನೀ ಕಳಿಸಿದ ಒಂದು ಮಗೂನೂ ನಾ ಒಳಗ ಬಿಡಂಗಿಲ್ಲ." ಮಹಾದೇವಿ ಆಕೆಯ ಹಿಂದೆಯೇ ನಿಂತಿದ್ದಳು. "ಹೌದ್ರಿ ಸರ್. ಇನ್ನ ಬರಬ್ಯಾಡ್ರಿ," ಎಂದಳು.

ಮುದುಕಿ ಮಾತಿಗೆ ತಪ್ಪಲಿಲ್ಲ. ನಾನು ಕಳಿಸಿದ ಯಾರನ್ನೂ ಮತ್ತೆ ಒಳಗೆ ಬಿಡಲಿಲ್ಲ. ಆಮೇಲೆ ಬಂದವರನ್ನು ಮಹಾದೇವಿಯೇ, ನನ್ನ ಹೆಸರೆತ್ತದೆ, ಗೇಟಿಗೆ ಕರೆದೊಯ್ಯಬೇಕಾಯಿತು.

ಅವತ್ತು ಆ ಮಾವನೂ ಹುಡುಗಿಯೂ ಗೇಟಿನ ಆಚೆ ಈಚೆ ಎದುರು ಬದುರು ನಿಂತಿದ್ದರು. ಇಬ್ಬರ ಮುಂದಿನ ಹಲ್ಲುಗಳ ನಡುವೆ ಒಂದೇ ಅಳತೆಯ ಸಂದು. ನಿಮಗೆ ಕಂಡದ್ದು ಆ ಮುದುಕಿಗೆ ಕಾಣಲಿಲ್ಲವೇ ಎಂದು ಬಸವರಾಜನ ಹೆಂಡತಿ ನನ್ನನ್ನು ಒಮ್ಮೆ ಕೇಳಿದಳು. ಒಳ್ಳೆಯ ಮನಸ್ಸಿನ ಹುಡುಗಿ, ಎಲ್ಲರಲ್ಲೂ ಒಳ್ಳೆಯದು ಹುಡುಕುತ್ತಾಳೆ. ಕಂಡಿದ್ದರೆ ಅಷ್ಟು ಮಂದಿಯ ಎದುರು ನನ್ನನ್ನು ಆ ಪರಿ ಬೈಯುವ ಜರೂರತ್ತು ಏನಿತ್ತು? ಕಂಡಿತ್ತು ಎಂದು ನಾನಂತೂ ಒಪ್ಪುವುದಿಲ್ಲ.

ಪರೀಕ್ಷೆಗೆ ಇನ್ನೊಂದು ವಾರ ಇರುವಾಗ, ಹುಡುಗಿ ಇದ್ದಾಳೋ ಇಲ್ಲವೋ ಎಂಬ ಚಿಂತೆ ತಡೆಯಲಾರದೆ, ಸಂಜೆ ಆ ರಸ್ತೆಯಲ್ಲಿ ಸ್ಕೂಟರು ತಳ್ಳಿಕೊಂಡು ಹೋದೆ. ಶಬ್ದವಾದರೆ ಮುದುಕಿಗೆ ಗೊತ್ತಾಗುತ್ತದಲ್ಲ. ಗೇಟು ಮುಚ್ಚಿತ್ತು. ಗೋಡೆಯ ಆ ಕಡೆಯಿಂದ ಮಹಾದೇವಿಯ ದೊಡ್ಡ ದನಿ, ಎಲುಬುಗಳ ಹೆಸರು ಬಾಯಿಪಾಠ ಮಾಡುತ್ತಿತ್ತು: ಹ್ಯೂಮರಸ್, ರೇಡಿಯಸ್, ಅಲ್ನಾ.

"ಏ, ಸಣ್ಣಗ ಓದು," ಎಂದು ಮುದುಕಿ ಕೂಗಿದಳು. "ನನ್ನ ತಲಿ ಎಲುಬಾದ್ರೂ ಉಳೀಲಿ."

ಒಂದು ಗಳಿಗೆ ದನಿ ತಗ್ಗಿತು. ನಾನು ಕಾಲುವೆ ದಾಟುವಷ್ಟರಲ್ಲಿ ಮತ್ತೆ ಏರಿತ್ತು.